ಶಾಲೆಯಲ್ಲಿ ಮಕ್ಕಳ ಜಗಳ, ಹೊಡೆದಾಟ: ಶಿಕ್ಷಕರೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಶಿಕ್ಷಕರು, ಮುಖ್ಯಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಪೋಷಕರಿಗಾಗಿ ಇದನ್ನು ಬರೆದಿದೆ. ಮಕ್ಕಳಿದ್ದಲ್ಲಿ ಜಗಳ ಇದ್ದೇ ಇರುತ್ತದೆ. ಆದರೆ ಐದು ನಿಮಿಷದ ಗುದ್ದಾಟ ಎರಡು ಮನೆಗಳ ವೈರವಾಗಿ ಬೆಳೆಯುವುದು ಹೆಚ್ಚಾಗಿ ಜಗಳ ಬಿಡಿಸಿದ ಮೇಲಿನ ಒಂದೆರಡು ದಿನಗಳಲ್ಲಿ. ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಯಾರೂ ಬರೆದಿಡಲಿಲ್ಲ, ವಾರ ಕಳೆದ ಮೇಲೆ ಯಾರೂ ತಿರುಗಿ ವಿಚಾರಿಸಲಿಲ್ಲ ಅನ್ನುವುದೇ ಅದಕ್ಕೆ ಕಾರಣ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಆ ದಿನಗಳ ಬಗ್ಗೆಯೇ ಮಾತು ಹೆಚ್ಚು.

ಕಣ್ಣೆದುರೇ ಇಬ್ಬರು ಹೊಡೆದಾಡುತ್ತಿದ್ದಾರೆ. ಮೊದಲು ಏನು ಮಾಡಬೇಕು?

ಮೊದಲು ಧ್ವನಿ, ಆಮೇಲೆ ಕೈ. ಇಬ್ಬರ ಹೆಸರನ್ನೂ ಗಟ್ಟಿಯಾಗಿ ಕರೆದು ಚಿಕ್ಕ ಮಾತಿನಲ್ಲಿ ಹೇಳಿ: "ಬಿಡು. ಹಿಂದೆ ಸರಿ." ಉದ್ದನೆಯ ಬೈಗುಳ ಆ ಹೊತ್ತಿನಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಅಂಗಿಯ ಬಣ್ಣ, ತರಗತಿ ಯಾವುದಾದರೂ ಹಿಡಿದು ಕರೆಯಿರಿ. ಹತ್ತಿರ ನಿಂತ ಮಗುವೊಂದನ್ನು ಹೆಸರು ಹಿಡಿದು ಕರೆದು ಸ್ಟಾಫ್‌ರೂಮಿಗೆ ಓಡಿಸಿ. "ಯಾರಾದರೂ ಹೋಗಿ ಸರ್‌ನ ಕರ್ಕೊಂಡು ಬನ್ನಿ" ಎಂದರೆ ಯಾರೂ ಹೋಗುವುದಿಲ್ಲ.

ಅಷ್ಟರಲ್ಲಿ ಸುತ್ತ ನೆರೆದವರನ್ನು ಚದುರಿಸಬೇಕು. ಪ್ರೌಢಶಾಲೆಯ ಹುಡುಗರಲ್ಲಿ ಅರ್ಧ ಜಗಳ ನಡೆಯುವುದೇ ನೋಡುವವರಿಗಾಗಿ. ಜನ ಕರಗಿದರೆ ಇಬ್ಬರಿಗೂ ಮರ್ಯಾದೆ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಸಿಗುತ್ತದೆ.

ಕೈ ಹಾಕುವ ಮುಂಚೆ ಅವರ ಕೈ ನೋಡಿ. ಜಾಮಿಟ್ರಿ ಬಾಕ್ಸಿನ ಕೈವಾರ, ಸ್ಟೀಲ್ ಸ್ಕೇಲು, ಪೆನ್ಸಿಲ್ ಚೂಪು ಮಾಡುವ ಬ್ಲೇಡು, ಅಂಗಳದ ಕಲ್ಲು: ಶಾಲೆಯ ಜಗಳದಲ್ಲಿ ಆಯುಧವಾಗುವುದು ಇವೇ. ಚಿಕ್ಕ ಮಕ್ಕಳಾದರೆ ಒಬ್ಬರೇ ಬಿಡಿಸಬಹುದು. ಒಂಬತ್ತು, ಹತ್ತನೇ ತರಗತಿಯವರಾದರೆ ದೊಡ್ಡವರು ಇಬ್ಬರು ಬೇಕು. ಒಬ್ಬೊಬ್ಬರು ಒಬ್ಬೊಬ್ಬನ ಪಕ್ಕದಿಂದಲೋ ಹಿಂದಿನಿಂದಲೋ ಬಂದು ಪಕ್ಕಕ್ಕೆ ಸರಿಸಬೇಕು. ಮುಂದಿನಿಂದ ನಡುವೆ ನುಗ್ಗಿದವರಿಗೇ ಏಟು ಬೀಳುವುದು. ಒಬ್ಬನನ್ನು ಮಾತ್ರ ಹಿಡಿದು ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಹಿಡಿಸಿಕೊಂಡವನಿಗೆ ಎದುರಿನವನು ಸಲೀಸಾಗಿ ಇನ್ನೆರಡು ಬಾರಿಸುತ್ತಾನೆ, ಮೇಷ್ಟ್ರೇ ಹಿಡಿದುಕೊಟ್ಟರು ಅನ್ನುವ ಮಾತೂ ಹುಟ್ಟುತ್ತದೆ.

ಬಿಡಿಸಿದ ಮೇಲೆ ಇಬ್ಬರನ್ನೂ ಒಬ್ಬರ ಕಣ್ಣಿಗೆ ಒಬ್ಬರು ಬೀಳದ ಹಾಗೆ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಬಾಗಿಲು ತೆರೆದಿಡಿ, ಕುಡಿಯಲು ನೀರು ಕೊಡಿ. ಇಪ್ಪತ್ತು ನಿಮಿಷ ಯಾವ ಪ್ರಶ್ನೆಯೂ ಬೇಡ. ಎದೆ ಹೊಡೆದುಕೊಳ್ಳುತ್ತಿರುವ ಮಗುವಿನ ಬಾಯಿಂದ ಬರುವುದು ಕೂಗು ಇಲ್ಲವೇ ಸುಳ್ಳು.

ಗಾಯವಾಗಿದ್ದರೆ?

ಯಾರು ತಪ್ಪಿತಸ್ಥರು ಎಂಬ ವಿಚಾರಣೆಗೂ ಮುಂಚೆ ಇಬ್ಬರ ಮೈಯನ್ನೂ ನೋಡಬೇಕು. ಹೊಡೆದವನಿಗೂ ಗಾಯವಾಗಿರುತ್ತದೆ, ಅವನು ಹೇಳಿಕೊಳ್ಳುವುದಿಲ್ಲ.

ಮೂಗಿನಿಂದ ರಕ್ತ ಬರುತ್ತಿದ್ದರೆ ಮಗುವನ್ನು ಕೂರಿಸಿ ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಕೆಳಗಿನ ಮೆತ್ತನೆಯ ಭಾಗವನ್ನು ಎರಡೂ ಕಡೆಯಿಂದ ಬಿಡದೆ 10 ನಿಮಿಷ ಒತ್ತಿ ಹಿಡಿಯಿರಿ. ತಲೆ ಹಿಂದಕ್ಕೆ ಎತ್ತಿಸಿದರೆ ರಕ್ತ ಗಂಟಲಿಗೆ ಇಳಿದು ವಾಂತಿಯಾಗುತ್ತದೆ. ಊದಿಕೊಂಡ ಕಡೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಿ.

ಹಲ್ಲು ಬುಡಸಮೇತ ಕಿತ್ತು ಬಿದ್ದಿದ್ದರೆ ಹೊತ್ತು ಕಳೆಯಬೇಡಿ. ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ ಬಿಳಿಯ ಭಾಗವನ್ನು ಹಿಡಿದೆತ್ತಿ ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರ ಬಳಿ ತಲುಪಿಸಿದರೆ ಅದು ಮತ್ತೆ ಕೂರುವ ಸಾಧ್ಯತೆ ಚೆನ್ನಾಗಿರುತ್ತದೆ. ಉಜ್ಜಿ ತೊಳೆದರೆ, ಕಾಗದದಲ್ಲಿ ಸುತ್ತಿ ಒಣಗಿಸಿದರೆ ಹಲ್ಲು ಹೋದಂತೆಯೇ. ಹಾಲುಹಲ್ಲಾದರೆ ಮತ್ತೆ ಕೂರಿಸುವುದಿಲ್ಲ. ಮಗು ಕಚ್ಚಿ ಚರ್ಮ ಹರಿದಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಬೇಕು. ಮನುಷ್ಯರ ಕಡಿತ ಬೇಗ ಕೀವಾಗುತ್ತದೆ.

ತಲೆಗೆ ಏಟು ಬಿದ್ದಿದ್ದರೆ "ಏನೂ ಆಗಿಲ್ಲ, ಆಟ ಆಡ್ಕೊಂಡಿದ್ದಾನೆ" ಎಂದು ಬಿಡಬೇಡಿ. ಕ್ಷಣ ಹೊತ್ತು ಪ್ರಜ್ಞೆ ತಪ್ಪಿದ್ದರೂ, ಮತ್ತೆ ಮತ್ತೆ ವಾಂತಿಯಾದರೂ, ಮಂಕು ಕವಿದಂತೆ ತೂಕಡಿಸಿದರೂ, ಮಾತು ತೊದಲಿದರೂ, ಕಿವಿ ಮೂಗಿನಿಂದ ನೀರಿನಂಥ ದ್ರವ ಬಂದರೂ ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡಿ. ಇದಾವುದೂ ಕಾಣದಿದ್ದರೂ ಮನೆಯವರಿಗೆ ಹೇಳಿ, ಮುಂದಿನ 24 ಗಂಟೆ ಗಮನಿಸಲು ತಿಳಿಸಬೇಕು. ಸಂಜೆ ಮನೆಯಲ್ಲಿ ವಾಂತಿ ಮಾಡಿಕೊಂಡ ಮಗುವಿನ ತಾಯಿಗೆ ಶಾಲೆಯಲ್ಲಿ ತಲೆಗೆ ಪೆಟ್ಟು ಬಿದ್ದದ್ದೇ ಗೊತ್ತಿಲ್ಲದಿದ್ದರೆ ಆಗುವ ಅನಾಹುತ ದೊಡ್ಡದು.

ಮೊದಲು ಹೊಡೆದವರು ಯಾರು ಎಂದು ಪತ್ತೆ ಹಚ್ಚುವುದು ಹೇಗೆ?

ಅದೊಂದೇ ಪ್ರಶ್ನೆ ಹಿಡಿದು ಕೂತರೆ ಪತ್ತೆಯಾಗುವುದು ಬಹಳ ಕಡಿಮೆ. ಮೊದಲ ಏಟು ಕೊಟ್ಟವನು ಒಂದು ವಾರದಿಂದ ಅಡ್ಡಹೆಸರು ಕೇಳಿ ಬೇಸತ್ತವನಾಗಿರಬಹುದು. ಹೊಡೆಸಿಕೊಂಡವನೇ ಆ ವಾರವಿಡೀ ಅವನ ಊಟದ ಡಬ್ಬಿ ಅಡಗಿಸಿಟ್ಟಿರಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ: "ಏನಾಯ್ತು, ಮೊದಲಿನಿಂದ ಹೇಳು." ಮಗು ಹೇಳಿ ಮುಗಿಸಿದ ಮೇಲೆ: "ಅದಕ್ಕೂ ಮುಂಚೆ?" ಈ ಎರಡನೆಯ ಪ್ರಶ್ನೆಯನ್ನು ಮೂರು ನಾಲ್ಕು ಸಲ ಕೇಳಿದರೆ ನಿಜವಾದ ಆರಂಭಕ್ಕೆ ಬಂದು ಮುಟ್ಟುತ್ತೀರಿ.

ಒಬ್ಬೊಬ್ಬರನ್ನೇ, ಬೇರೆ ಬೇರೆಯಾಗಿ, ಅದೇ ದಿನ ಕೇಳಿ. ರಾತ್ರಿ ಕಳೆದರೆ ಮನೆಯವರ ಮಾತು, ಗೆಳೆಯರ ಮಾತು ಎಲ್ಲ ಬೆರೆತು ಹೇಳಿಕೆ ಗಟ್ಟಿಯಾಗಿಬಿಡುತ್ತದೆ. "ಅವನೇ ತಾನೇ ನಿನ್ನ ತಳ್ಳಿದ್ದು?" ಎಂಬಂಥ ಪ್ರಶ್ನೆ ಬೇಡ, ಚಿಕ್ಕ ಮಕ್ಕಳು ದೊಡ್ಡವರಿಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ನಾಲ್ಕನೇ ತರಗತಿಯಿಂದ ಮೇಲಿನವರು ತಾವೇ ಬರೆಯಲಿ. ಮನೆಮಾತು ಉರ್ದುವೋ ತುಳುವೋ ಲಂಬಾಣಿಯೋ ಆಗಿದ್ದರೆ ಅದರಲ್ಲೇ ಹೇಳಲಿ. ಅದಕ್ಕಿಂತ ಚಿಕ್ಕವರು ಹೇಳಿದ್ದನ್ನು ಶಿಕ್ಷಕರು ಅವರ ಮಾತಿನಲ್ಲೇ ಬರೆದುಕೊಂಡು ಓದಿ ಹೇಳಬೇಕು. ಮಗು ಹೇಳಿದ "ಗುಮ್ಮಿದ" ಎಂಬುದನ್ನು "ಹಲ್ಲೆ ಮಾಡಿದ" ಎಂದು ತಿದ್ದಬೇಡಿ. ಎರಡಕ್ಕೂ ಬಹಳ ಅಂತರವಿದೆ.

ಸಾಕ್ಷಿಗಳು ಮೂರು ನಾಲ್ಕು ಮಂದಿ ಸಾಕು: ಇಬ್ಬರ ಕಡೆಯಿಂದಲೂ ಒಬ್ಬೊಬ್ಬ ಗೆಳೆಯ, ಜೊತೆಗೆ ಯಾರ ಕಡೆಗೂ ಸೇರದ ಒಬ್ಬಿಬ್ಬರು. ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಬರೆಸಿದರೆ ನಾಲ್ಕು ಹಾಳೆಯಲ್ಲೂ ಒಂದೇ ಕಥೆ ಇರುತ್ತದೆ. ಕ್ಲಾಸ್ ಲೀಡರ್ ಹೇಳಿದ್ದೇ ಅಂತಿಮ ಎಂದುಕೊಳ್ಳಬೇಡಿ, ಲೀಡರಿಗೂ ತನ್ನದೇ ಬಳಗ ಇರುತ್ತದೆ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡುವುದೂ ಬೇಡ. ಮುಖ್ಯಶಿಕ್ಷಕರಿಗೆ, ಕೆಲವೊಮ್ಮೆ ಅಧಿಕಾರಿಗಳಿಗೆ ಹೇಳಲೇಬೇಕಾಗಬಹುದು. "ಯಾರಿಗೆ ಬೇಕೋ ಅವರಿಗಷ್ಟೇ ಹೇಳ್ತೀನಿ" ಎನ್ನಿ.

ಸಿಸಿಟಿವಿ ಇದ್ದರೆ ಅದೇ ದಿನ ಆ ಭಾಗವನ್ನು ಬೇರೆ ಕಡೆ ಉಳಿಸಿಡಿ. ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತ ಹೋಗುವುದರಿಂದ ಕೆಲವೇ ದಿನಗಳಲ್ಲಿ ಅದು ಅಳಿಸಿಹೋಗುತ್ತದೆ. ಕ್ಯಾಮೆರಾಕ್ಕೆ ಏಟು ಕಾಣುತ್ತದೆ. ಆ ಏಟಿಗೆ ಕಾರಣವಾದ ಮಾತು ಬಹಳ ಕಡೆ ಅದರಲ್ಲಿ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಇಷ್ಟು ಚಿಕ್ಕದಕ್ಕೆಲ್ಲ ಬರೆದಿಡಬೇಕೇ?

ಗಾಯವಾಗಿದ್ದರೆ, ಪೋಷಕರಿಗೆ ಹೇಳಿದ್ದರೆ, ಇಲ್ಲವೇ ಅದೇ ಮಕ್ಕಳ ಹೆಸರು ಎರಡನೇ ಸಲ ಬಂದಿದ್ದರೆ ಬರೆಯಲೇಬೇಕು. 200 ಪುಟದ ಒಂದು ನೋಟ್‌ಬುಕ್ ಸಾಕು. ದಿನಾಂಕ, ಹೊತ್ತು, ಜಾಗ, ಮಕ್ಕಳ ಹೆಸರು ಮತ್ತು ತರಗತಿ, ಯಾರು ಕಂಡರು, ಎಲ್ಲಿ ಗಾಯ, ಏನು ಚಿಕಿತ್ಸೆ, ಮನೆಯವರಿಗೆ ಎಷ್ಟು ಗಂಟೆಗೆ ಯಾರು ತಿಳಿಸಿದರು, ಏನು ತೀರ್ಮಾನವಾಯಿತು, ಸಹಿ. ಕೊನೆಗೊಂದು ಸಾಲು ಬಿಡಿ: ಮತ್ತೆ ವಿಚಾರಿಸುವ ದಿನ. ಮೂರನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ, ತಿಂಗಳಾದ ಮೇಲೆ ಒಮ್ಮೆ. ಈ ಸಾಲು ಖಾಲಿ ಉಳಿದ ಕಡೆಯೇ ಜಗಳ ಮತ್ತೆ ಹೊತ್ತಿಕೊಳ್ಳುವುದು.

"ರೌಡಿ", "ಯಾವಾಗಲೂ ಹಿಂಗೇ", "ಮನೆ ಸರಿಯಿಲ್ಲ" ಎಂಬ ಮಾತು ಆ ಪುಸ್ತಕದಲ್ಲಿ ಬರಬಾರದು. ಕಂಡದ್ದು, ಕೇಳಿದ್ದು, ಮಾಡಿದ್ದು ಅಷ್ಟೇ. ಪುಸ್ತಕ ಬೀರುವಿನಲ್ಲಿ ಬೀಗದೊಳಗಿರಲಿ. ಸ್ಟಾಫ್‌ರೂಮಿನ ಮೇಜಿನ ಮೇಲೆ ಬಿದ್ದಿರುವ ಪುಸ್ತಕವನ್ನು ಮಕ್ಕಳೂ ಓದುತ್ತಾರೆ.

ಇಬ್ಬರನ್ನೂ ನಿಲ್ಲಿಸಿ "ಸಾರಿ" ಹೇಳಿಸಿ ಕೈ ಕುಲುಕಿಸಿದರೆ ಸಾಕಲ್ಲವೇ?

ಒಂದನೇ ತರಗತಿಯಲ್ಲಿ ಸಾಕಾಗಬಹುದು. ದೊಡ್ಡ ಮಕ್ಕಳಿಗೆ ಎಲ್ಲರೆದುರು ಬಲವಂತವಾಗಿ ಹೇಳಿಸಿದ ಸಾರಿ ಇನ್ನೊಂದು ಅವಮಾನ. ಅದರ ಲೆಕ್ಕ ಗೇಟಿನ ಹೊರಗೆ ಚುಕ್ತಾ ಆಗುತ್ತದೆ.

ನಿಜವಾಗಿ ರಾಜಿಯಾಗಬೇಕಾದರೆ ಮಾರನೇ ದಿನ ಅಥವಾ ಅದರ ನಂತರ ಕೂರಿಸಿ. ಮೊದಲು ಪ್ರತಿಯೊಬ್ಬರನ್ನೂ ಒಂಟಿಯಾಗಿ ಕೇಳಿ: "ಅವನ ಜೊತೆ ಕೂತು ಮಾತಾಡಲು ನಿನಗೆ ಒಪ್ಪಿಗೆ ಇದೆಯಾ?" ಬೇಡ ಎಂದರೆ ಒತ್ತಾಯಿಸಬೇಡಿ. ಕೂರಿಸುವವರು ಆ ಮಕ್ಕಳಿಗೆ ಶಿಕ್ಷೆ ಕೊಟ್ಟವರಾಗಿರದಿದ್ದರೆ ಒಳ್ಳೆಯದು. ಅರ್ಧ ಗಂಟೆ ಸಾಕು. ಒಬ್ಬ ಹೇಳಿ ಮುಗಿಸುವ ತನಕ ಇನ್ನೊಬ್ಬ ಬಾಯಿ ಹಾಕುವಂತಿಲ್ಲ. ಹೇಳಿ ಮುಗಿದ ಮೇಲೆ ಕೇಳಿದವನು ತಾನು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಮಕ್ಕಳ ಮುಖ ಸಡಿಲವಾಗುವುದು ಸಾಮಾನ್ಯವಾಗಿ ಇಲ್ಲೇ. ತನ್ನ ಮಾತನ್ನು ಎದುರಿನವನ ಬಾಯಲ್ಲಿ ಕೇಳಿದಾಗ "ಇವನಿಗೆ ಗೊತ್ತಾಯ್ತು" ಅನ್ನಿಸುತ್ತದೆ. ಆಮೇಲೆ ಇಬ್ಬರಿಗೂ ಒಂದೇ ಪ್ರಶ್ನೆ: ಈಗ ಏನಾದರೆ ಸರಿಹೋಗುತ್ತದೆ?

ಒಪ್ಪಂದ ಕೈಗೆ ಸಿಗುವಂತಿರಬೇಕು. "ಇನ್ನು ಮೇಲೆ ಚೆನ್ನಾಗಿರುತ್ತೇವೆ" ಎಂಬುದು ಎರಡು ದಿನವೂ ಬಾಳುವುದಿಲ್ಲ. "ಹರಿದ ಅಂಗಿಯನ್ನು ಸೋಮವಾರದೊಳಗೆ ಹೊಲಿಸಿಕೊಡುತ್ತೇನೆ. ಕೇಳದೆ ಬ್ಯಾಗ್ ಮುಟ್ಟುವುದಿಲ್ಲ. ಎರಡು ವಾರ ಬೇರೆ ಬೆಂಚಿನಲ್ಲಿ ಕೂರುತ್ತೇವೆ" ಎಂದು ಬರೆಸಿ, ಯಾವ ದಿನ ನೋಡುತ್ತೀರಿ ಎಂದು ತಾರೀಖು ಹಾಕಿ. ಮತ್ತೆ ಗೆಳೆಯರಾಗಬೇಕೆಂದು ಕಟ್ಟು ಹಾಕಬೇಡಿ. ಒಬ್ಬರ ತಂಟೆಗೆ ಒಬ್ಬರು ಹೋಗದೆ ಇದ್ದರೂ ಅದು ಸಾಕಷ್ಟು ದೊಡ್ಡ ಗೆಲುವು.

ಸಾಮಾನ್ಯ ಜಗಳಕ್ಕೂ ಒಬ್ಬರನ್ನೇ ಗುರಿಯಾಗಿಸಿ ಕಾಡುವುದಕ್ಕೂ ಏನು ವ್ಯತ್ಯಾಸ?

ಜಗಳದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಬಲದವರು. ಇಬ್ಬರಿಗೂ ಒಂದೊಂದು ದೂರು ಇರುತ್ತದೆ, ಇವತ್ತು ಠೂ ಬಿಟ್ಟವರು ನಾಳೆ ಒಟ್ಟಿಗೆ ಆಡುತ್ತಾರೆ. ಕಾಡುವುದರಲ್ಲಿ ಬಲ ಒಂದೇ ಕಡೆ: ವಯಸ್ಸು, ಗುಂಪು, ದುಡ್ಡು, ಜಾತಿ, ದೇಹ ಯಾವುದಾದರೂ ಆಗಿರಬಹುದು. ಅದು ಮತ್ತೆ ಮತ್ತೆ ನಡೆಯುತ್ತದೆ, ಒಂದು ಕಡೆಯ ಮಗು ಮಾತ್ರ ಹೆದರಿರುತ್ತದೆ. ಶೌಚಾಲಯಕ್ಕೆ ಹೋಗದೆ ಸಂಜೆತನಕ ತಡೆದುಕೊಳ್ಳುವುದು, ಬೆಳಿಗ್ಗೆ ಹೊಟ್ಟೆನೋವೆಂದು ರಜೆ ಕೇಳುವುದು, ಪೆನ್ನು, ಬಸ್ಸಿನ ದುಡ್ಡು "ಕಳೆದುಹೋಗುವುದು", ಬಿಡುವಿನಲ್ಲಿ ತರಗತಿ ಬಿಟ್ಟು ಏಳದಿರುವುದು ಇದರ ಗುರುತುಗಳು.

"ಎರಡು ಕೈ ಸೇರಿದರೇ ಚಪ್ಪಾಳೆ" ಎಂಬ ಮಾತನ್ನು ಶಾಲೆಗಳಲ್ಲಿ ಬಹಳ ಸಲೀಸಾಗಿ ಆಡುತ್ತಾರೆ. ಕಾಡಿಸಿಕೊಂಡ ಮಗುವಿಗೆ ಆ ಮಾತು ಹೇಳಿದರೆ ಅದು ಮತ್ತೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಇಂಥ ಕಡೆ ಮೇಲೆ ಹೇಳಿದ ರಾಜಿ ಕೂಟ ಬೇಡವೇ ಬೇಡ. ಹೆದರಿದ ಮಗುವನ್ನು ಹೆದರಿಸಿದವನ ಎದುರು ಕೂರಿಸಿ "ನಿನ್ನದೂ ತಪ್ಪಿದೆಯಾ" ಎಂದು ಕೇಳಿದಂತಾಗುತ್ತದೆ. ಇಲ್ಲಿ ಶಾಲೆಯೇ ತೀರ್ಮಾನ ಮಾಡಬೇಕು: ಕಾಡಿದವರ ಮೇಲೆ ಕ್ರಮ, ಕಾಡಿಸಿಕೊಂಡವರಿಗೆ ಕಾವಲು, ಎರಡೂ ಮನೆಗೆ ಸುದ್ದಿ. ಜಾಗ ಬದಲಿಸಬೇಕಾದರೆ ಕಾಡಿದವರನ್ನು ಬದಲಿಸಿ. ನೊಂದ ಮಗುವನ್ನೇ ಬೇರೆ ಸೆಕ್ಷನ್‌ಗೆ ಹಾಕಿದರೆ ಶಿಕ್ಷೆ ಅದಕ್ಕೇ ಆದಂತೆ.

ಸಿಬಿಎಸ್‌ಇ ತನ್ನ ಶಾಲೆಗಳಿಗೆ ಇದಕ್ಕಾಗಿ ಸಮಿತಿ ರಚಿಸಬೇಕೆಂದು 2015ರಲ್ಲೇ ಸುತ್ತೋಲೆ ಕಳಿಸಿದೆ. ನಿಮ್ಮ ಮಗು ಅಂಥ ಶಾಲೆಯಲ್ಲಿದ್ದರೆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ.

ಎರಡೇಟು ಹಾಕಿದರೆ ಬುದ್ಧಿ ಬರುವುದಿಲ್ಲವೇ?

ಕಾನೂನು ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೀರಿದ ಶಿಕ್ಷಕರ ಮೇಲೆ ಸೇವಾ ನಿಯಮದಡಿ ಶಿಸ್ತುಕ್ರಮ ಆಗುತ್ತದೆ. ಬೆತ್ತ ಮಾತ್ರ ಅಲ್ಲ, ಮೊಣಕಾಲೂರಿಸುವುದು, ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನಿಲ್ಲಿಸುವುದು, ಇಬ್ಬರ ಕೈಯಲ್ಲೂ ಒಬ್ಬರಿಗೊಬ್ಬರು ಕೆನ್ನೆಗೆ ಹೊಡೆಸುವುದು ಎಲ್ಲವೂ ಇದರಲ್ಲೇ ಬರುತ್ತವೆ. ಹೊಡೆದಾಟ ತಪ್ಪು ಎಂದು ಹೊಡೆದು ಹೇಳಿದರೆ ಮಗು ಕಲಿಯುವುದು, ಬಲವಿದ್ದವರು ಹೊಡೆಯಬಹುದು ಎಂಬುದನ್ನೇ.

ಹಾಗಾದರೆ ಏನು ಮಾಡಬಹುದು? ಮಾಡಿದ ಹಾನಿಗೂ ಕೊಡುವ ಕೆಲಸಕ್ಕೂ ಸಂಬಂಧ ಇರಲಿ. ಪುಸ್ತಕ ಹರಿದವನು ಬೈಂಡ್ ಹಾಕಿಕೊಡಲಿ, ಎಷ್ಟು ಪುಟ ಹಾಳಾಗಿದೆಯೋ ಅಷ್ಟು ಬರೆದುಕೊಡಲಿ. ಆಟದಲ್ಲಿ ಹೊಡೆದವನು ಒಂದು ವಾರ ಆಡದೆ ಪಿಟಿ ಮೇಷ್ಟ್ರ ಪಕ್ಕ ನಿಂತು ಅಂಕ ಬರೆಯಲಿ. ಒಂದು ವಾರ ಬಿಡುವಿನ ಹೊತ್ತು ಶಿಕ್ಷಕರ ಕಣ್ಣಳತೆಯಲ್ಲೇ ಇರಲಿ. ಶೌಚಾಲಯ ತೊಳೆಸುವುದು, ಬಿಸಿಯೂಟ ತಪ್ಪಿಸುವುದು, ಪಾಠ ತಪ್ಪಿಸಿ ಹೊರಗೆ ನಿಲ್ಲಿಸುವುದು ಯಾವ ಕಾರಣಕ್ಕೂ ಬೇಡ. ಇಡೀ ತರಗತಿಗೆ ಶಿಕ್ಷೆ ಕೊಟ್ಟರೆ ಆ ಇಬ್ಬರ ಜಗಳ ನಲವತ್ತು ಮಕ್ಕಳ ಜಗಳವಾಗುತ್ತದೆ.

ಟಿಸಿ ಕೊಟ್ಟು ಕಳಿಸಿಬಿಡಬಹುದೇ?

ಎಂಟನೇ ತರಗತಿ ಮುಗಿಯುವ ತನಕ ಆಗುವುದಿಲ್ಲ. ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಅದೇ ಕಾಯ್ದೆಯ 16ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಅನುತ್ತೀರ್ಣಗೊಳಿಸುವ ವಿಷಯವನ್ನು ಬದಲಿಸಿತೇ ಹೊರತು ಹೊರಹಾಕುವ ನಿಷೇಧವನ್ನು ಮುಟ್ಟಲಿಲ್ಲ. "ನೀವೇ ಅರ್ಜಿ ಬರೆದುಕೊಟ್ಟು ಟಿಸಿ ತೆಗೆದುಕೊಂಡು ಹೋಗಿ" ಎಂದು ಪೋಷಕರಿಂದ ಸಹಿ ಮಾಡಿಸಿಕೊಳ್ಳುವುದು ಇದರ ಕಳ್ಳದಾರಿ. ಅಂಥ ಅರ್ಜಿಗೆ ಆ ಕ್ಷಣವೇ ಸಹಿ ಹಾಕಬೇಕಾಗಿಲ್ಲ, ಮನೆಗೆ ಹೋಗಿ ಯೋಚಿಸಿ ಬರುತ್ತೇವೆ ಎನ್ನಿ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಅಲ್ಲಿನ ಮಾತು ಬೇರೆ.

ಒಂಬತ್ತು, ಹತ್ತನೇ ತರಗತಿಗೆ ಈ ರಕ್ಷಣೆ ಇಲ್ಲ. ಆದರೂ ಆರೋಪ ಏನೆಂದು ಬರವಣಿಗೆಯಲ್ಲಿ ತಿಳಿಸಿ, ಮಗು ಮತ್ತು ಪೋಷಕರ ಮಾತು ಕೇಳಿದ ಮೇಲೆಯೇ ತೀರ್ಮಾನವಾಗಬೇಕು. ಹತ್ತನೇ ತರಗತಿಯ ನಡುವರ್ಷದಲ್ಲಿ ಟಿಸಿ ಕೊಟ್ಟರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೇ ಕುತ್ತು ಬರಬಹುದು. ಹದಿನೈದು ವರ್ಷದ ಹುಡುಗನ ಒಂದು ಗುದ್ದಾಟಕ್ಕೆ ಅದು ಅತಿಯಾದ ಬೆಲೆ.

ಪೋಷಕರಿಗೆ ಹೇಗೆ ತಿಳಿಸಬೇಕು?

ಮಗು ಮನೆ ಮುಟ್ಟುವ ಮುಂಚೆ, ಎರಡೂ ಮನೆಗೆ, ಫೋನಿನಲ್ಲಿ. ಮೊದಲ ವಾಕ್ಯದಲ್ಲೇ ಮಗು ಹೇಗಿದೆ ಎಂದು ಹೇಳಿ: "ಅಮ್ಮಾ, ನಿಮ್ಮ ಮಗ ಆರಾಮಾಗಿದ್ದಾನೆ, ನನ್ನ ಹತ್ತಿರವೇ ಇದ್ದಾನೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದು ಹೊಡೆದಾಟ ಆಯ್ತು, ತುಟಿ ಸ್ವಲ್ಪ ಒಡೆದಿದೆ, ಔಷಧಿ ಹಾಕಿದ್ದೇವೆ." ಯಾರ ತಪ್ಪೆಂದು ಆಗಲೇ ಹೇಳಬೇಡಿ, ವಿಚಾರಿಸುತ್ತಿದ್ದೇವೆ ಎನ್ನಿ.

ಕರೆಸುವುದಾದರೆ ಎರಡೂ ಕಡೆಯವರನ್ನು ಬೇರೆ ಬೇರೆ ಹೊತ್ತಿಗೆ ಕರೆಸಿ. ಒಟ್ಟಿಗೆ ಕರೆಸಿದರೆ ಮುಖ್ಯಶಿಕ್ಷಕರ ಕೋಣೆಯಲ್ಲೇ ಎರಡನೇ ಜಗಳ ಶುರುವಾಗುತ್ತದೆ. ಕೂಲಿಗೆ ಹೋಗುವವರಿಗೆ ಒಂದು ದಿನ ಶಾಲೆಗೆ ಬಂದರೆ ಆ ದಿನದ ಸಂಬಳವೇ ಹೋಗುತ್ತದೆ. ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಅಥವಾ ಸಂಜೆ ಹೊತ್ತು ಕೊಡಿ. ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ದೂರಿನ ಪಟ್ಟಿ ಓದಬೇಡಿ. ಅವಮಾನ ತಾಳಲಾರದೆ ಅಪ್ಪ ಅಲ್ಲೇ ಮಗುವಿನ ಕೆನ್ನೆಗೆ ಬಾರಿಸುವುದು ನಡೆಯುತ್ತದೆ. ಹಾಗಾದರೆ ತಡೆಯುವುದು ಶಾಲೆಯ ಕೆಲಸ.

ಪೋಷಕರಿಗೂ ಒಂದು ಮಾತು: ಇನ್ನೊಬ್ಬರ ಮಗುವನ್ನು ಗೇಟಿನ ಬಳಿ ನಿಲ್ಲಿಸಿಕೊಂಡು ನೀವೇ ವಿಚಾರಿಸಬೇಡಿ, ಮುಟ್ಟಬೇಡಿ. ಆ ಕ್ಷಣಕ್ಕೆ ಅದು ಮಕ್ಕಳ ಜಗಳವಾಗಿ ಉಳಿಯುವುದಿಲ್ಲ. ನೀವು ದೊಡ್ಡವರು, ಕಾನೂನು ನಿಮ್ಮನ್ನು ದೊಡ್ಡವರಂತೆಯೇ ನೋಡುತ್ತದೆ.

"ಹೊಡೆದರೆ ತಿರುಗಿಸಿ ಹೊಡಿ" ಎಂದು ಮನೆಯಲ್ಲಿ ಹೇಳಿಕೊಟ್ಟಿದ್ದೇವೆ. ತಪ್ಪೇ?

ಹೆದರಿಕೆಯಿಂದ ಬಂದ ಮಾತು ಅದು, ಅರ್ಥವಾಗುತ್ತದೆ. ಆದರೆ ಅದನ್ನು ಪಾಲಿಸಿದ ಮಗುವಿನ ಹೆಸರೇ ಎಷ್ಟೋ ಸಲ ದೂರಿನಲ್ಲಿ ಮೊದಲು ಬರುತ್ತದೆ, ಏಕೆಂದರೆ ಶಿಕ್ಷಕರ ಕಣ್ಣಿಗೆ ಬೀಳುವುದು ಎರಡನೇ ಏಟು. ಅದರ ಬದಲು ಮೂರು ಕೆಲಸ ಕಲಿಸಿ: ಕೈ ಅಡ್ಡ ಹಿಡಿದು ಮುಖ ಕಾಪಾಡಿಕೊಳ್ಳುವುದು, "ಬಿಡು!" ಎಂದು ಎಲ್ಲರಿಗೂ ಕೇಳುವಂತೆ ಕೂಗುವುದು, ದೊಡ್ಡವರು ಇರುವ ಕಡೆಗೆ ಓಡುವುದು. ಓಡಿ ಬಂದು ಹೇಳಿದ ಮಗುವಿಗೆ ಶಿಕ್ಷಕರು "ಚಾಡಿ ಹೇಳಬೇಡ" ಎಂದರೆ ಮಾತ್ರ ಈ ಪಾಠವೆಲ್ಲ ನೀರುಪಾಲು. ಇನ್ನೊಬ್ಬರನ್ನು ಸಿಕ್ಕಿಹಾಕಿಸಲು ಹೇಳುವುದು ಚಾಡಿ, ತೊಂದರೆಯಿಂದ ಪಾರಾಗಲು ಹೇಳುವುದು ದೂರು. ಈ ಭೇದವನ್ನು ತರಗತಿಯಲ್ಲೇ ಬಿಡಿಸಿ ಹೇಳಬೇಕು.

ಜಾತಿ ಹಿಡಿದು ಬೈದಿದ್ದರಿಂದ ಜಗಳವಾಗಿದೆ. ಇದನ್ನೂ ಮಕ್ಕಳ ಜಗಳ ಎಂದೇ ನೋಡಬೇಕೇ?

ಇಲ್ಲ. ಜಾತಿ, ಧರ್ಮ, ಮೈಬಣ್ಣ, ಅಂಗವೈಕಲ್ಯ ಹಿಡಿದು ಆಡಿದ ಮಾತನ್ನು "ಬೈಗುಳ" ಎಂದಷ್ಟೇ ಬರೆದು ಮುಚ್ಚಬಾರದು. ಯಾವ ಪದ ಆಡಿದರು ಎಂದು ಹೇಳಿಕೆಯಲ್ಲಿ ಇದ್ದಂತೆಯೇ ದಾಖಲಾಗಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದ ಮಗುವಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡುವ ಹಕ್ಕು ಆ ಕುಟುಂಬಕ್ಕಿದೆ. ಕೊಡಬೇಡಿ ಎಂದು ಶಾಲೆ ಒತ್ತಡ ತರುವಂತಿಲ್ಲ. ಮಾತನಾಡಿದ ಮಗು ಅದನ್ನು ಎಲ್ಲಿಂದ ಕಲಿಯಿತು ಎಂದು ಕೇಳಿದರೆ ಉತ್ತರ ಬಹುಪಾಲು ಮನೆಯದ್ದೋ ಬೀದಿಯದ್ದೋ ಆಗಿರುತ್ತದೆ. ಆ ಮನೆಯವರನ್ನು ಕರೆಸಿ ನೇರವಾಗಿ ಮಾತನಾಡಬೇಕು. ಬಿಸಿಯೂಟದ ಸಾಲು, ನೀರಿನ ಲೋಟ, ಬೆಂಚು ಹಂಚಿಕೆಯಲ್ಲಿ ಶಾಲೆಯಲ್ಲೇ ಭೇದವಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಬಸ್ ಸ್ಟಾಪಿನಲ್ಲೋ ಟ್ಯೂಷನ್ ಬಳಿಯೋ ನಡೆದರೆ ಶಾಲೆಗೆ ಸಂಬಂಧವಿದೆಯೇ?

ಶಾಲೆಯ ಬಸ್ಸಿನಲ್ಲಾದರೆ ಪೂರ್ತಿ ಶಾಲೆಯದೇ ಹೊಣೆ. ಹೊರಗೆ ನಡೆದದ್ದರ ಬೇರು ತರಗತಿಯಲ್ಲಿದ್ದರೆ ಶಾಲೆ ಕೈ ತೊಳೆದುಕೊಳ್ಳಬಾರದು. "ಸಂಜೆ ಸಿಗು, ನೋಡ್ಕೋತೀನಿ" ಎಂಬ ಮಾತು ಬಿದ್ದಿದೆ ಎಂದು ಗೊತ್ತಾದ ದಿನ ಇಬ್ಬರನ್ನೂ 15 ನಿಮಿಷ ಅಂತರದಲ್ಲಿ ಬಿಡಿ, ಗೇಟಿನಲ್ಲಿ ಒಬ್ಬ ಶಿಕ್ಷಕರು ನಿಲ್ಲಲಿ.

ಹೊಡೆದಾಟದ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ.

ಮೊದಲ ಗಂಟೆಯಲ್ಲೇ ತಡೆಯಲು ನೋಡಿ. ತೆಗೆದವರು, ಹಾಕಿದವರು ಅಳಿಸಬೇಕು, ಗ್ರೂಪಿನ ಅಡ್ಮಿನ್‌ಗೂ ಹೇಳಬೇಕು. ಸಾಕ್ಷಿಗಾಗಿ ಒಂದೇ ಪ್ರತಿ ಮುಖ್ಯಶಿಕ್ಷಕರ ಬಳಿ ಇದ್ದರೆ ಸಾಕು, ಶಿಕ್ಷಕರ ಗ್ರೂಪಿಗೂ ಪೋಷಕರ ಗ್ರೂಪಿಗೂ ಹಾಕಬಾರದು. ಪ್ರಕರಣ ಪೊಲೀಸರವರೆಗೆ ಹೋದರೆ ಆ ಮಕ್ಕಳ ಹೆಸರು, ಫೋಟೊ, ಶಾಲೆಯ ಗುರುತು ಯಾವುದನ್ನೂ ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ತಪ್ಪಿದರೆ 6 ತಿಂಗಳವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ವರದಿಗಾರರು ಗೇಟಿಗೆ ಬಂದಾಗ ಮುಖ್ಯಶಿಕ್ಷಕರು ಇದನ್ನೇ ಹೇಳಿ ಕಳಿಸಬಹುದು.

ಪೊಲೀಸರಿಗೆ ಯಾವಾಗ ಹೇಳಬೇಕು? ಮಗುವಿನ ಮೇಲೆ ಎಫ್‌ಐಆರ್ ಆಗುತ್ತದೆಯೇ?

ಮೂಳೆ ಮುರಿದಿದ್ದರೆ, ಚೂರಿ ಬ್ಲೇಡಿನಂಥ ಆಯುಧ ಬಳಸಿದ್ದರೆ, ಹೊರಗಿನ ದೊಡ್ಡವರು ಸೇರಿಕೊಂಡಿದ್ದರೆ ಮುಚ್ಚಿಡಬಾರದು. ತಳ್ಳಾಟ, ಗುದ್ದಾಟಕ್ಕೆ ಪೊಲೀಸರನ್ನು ಕರೆಸಿ ಹೆದರಿಸುವುದೂ ಅಷ್ಟೇ ಕೆಟ್ಟದ್ದು. ಮುಂದೆ ನಿಜವಾಗಿ ನೆರವು ಬೇಕಾದಾಗ ಆ ಮಗು ಪೊಲೀಸರ ಬಳಿ ಹೋಗುವುದೇ ಇಲ್ಲ.

ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. 7ರಿಂದ 12ರ ನಡುವೆ, ತಾನು ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಆಗಲೂ ಅಪರಾಧವಲ್ಲ. 18 ತುಂಬದವರ ವಿಷಯ ಹೋಗುವುದು ಬಾಲನ್ಯಾಯ ಮಂಡಳಿಗೆ. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳ ಪ್ರಕಾರ, ಆರೋಪ ಘೋರ ಅಪರಾಧದ್ದಾಗಿದ್ದರೆ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದಾದರೆ ಮಾತ್ರ ಮಗುವಿನ ಮೇಲೆ ಎಫ್‌ಐಆರ್. ಘೋರ ಎಂದರೆ ಕನಿಷ್ಠ 7 ವರ್ಷ ಶಿಕ್ಷೆಯಿರುವಂಥದ್ದು. ಉಳಿದದ್ದರಲ್ಲಿ ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳಿಸುತ್ತಾರೆ. ವಶಕ್ಕೆ ಪಡೆದರೂ ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೋಳ ಹಾಕುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು. ಮಗುವಿನ ಭವಿಷ್ಯಕ್ಕೆ ಕಪ್ಪುಚುಕ್ಕೆಯಾಗುತ್ತದೆಯೇ ಎಂದು ಪೋಷಕರು ಹೆದರುತ್ತಾರೆ. ಮಂಡಳಿಯಲ್ಲಿ ಇತ್ಯರ್ಥವಾದದ್ದು ಮುಂದೆ ಓದಿಗಾಗಲಿ ಕೆಲಸಕ್ಕಾಗಲಿ ಅನರ್ಹತೆಯಾಗುವುದಿಲ್ಲ ಎಂದು ಬಾಲನ್ಯಾಯ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಘೋರ ಅಪರಾಧಕ್ಕಾಗಿ 16 ದಾಟಿದವರನ್ನು ವಯಸ್ಕರಂತೆ ವಿಚಾರಿಸಿದ್ದರೆ ಮಾತ್ರ ಇದಕ್ಕೆ ಹೊರತು.

ಹೇಳಿಕೆ ಪಡೆಯುವಾಗ ಲೈಂಗಿಕ ದೌರ್ಜನ್ಯದ ಮಾತು ಹೊರಬಿದ್ದರೆ ಪ್ರಶ್ನೆ ಅಲ್ಲಿಗೇ ನಿಲ್ಲಿಸಿ. ಕೆದಕಿ ಕೆದಕಿ ಕೇಳುವುದು ಬೇಡ, ಎರಡು ಮನೆಯವರನ್ನು ಕೂರಿಸಿ ರಾಜಿ ಮಾಡಿಸುವುದಂತೂ ಬೇಡವೇ ಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ.

ಹುಡುಗಿಯರು ಹೊಡೆದಾಡುವುದಿಲ್ಲ, ಆದರೆ ಒಬ್ಬಳನ್ನು ಇಡೀ ಗುಂಪು ಬಿಟ್ಟುಬಿಟ್ಟಿದೆ. ಇದೂ ಜಗಳವೇ?

ಹೌದು, ಹುಡುಗರಲ್ಲೂ ಇದು ಇದೆ. ಏಟಿನ ಗುರುತು ಕಾಣದ್ದರಿಂದ ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಜೊತೆಗೆ ಊಟಕ್ಕೆ ಕೂರದಿರುವುದು, ನೋಟ್ಸ್ ಕೊಡದಿರುವುದು, ಇಲ್ಲದ ಸುದ್ದಿ ಹಬ್ಬಿಸುವುದು. "ಅವಳ ಜೊತೆ ಮಾತಾಡಿ" ಎಂದು ಅಪ್ಪಣೆ ಕೊಟ್ಟರೆ ಪ್ರಯೋಜನವಿಲ್ಲ. ಗುಂಪಿನಲ್ಲಿ ಮನಸ್ಸಿಲ್ಲದೆ ಸೇರಿಕೊಂಡವರು ಒಬ್ಬಿಬ್ಬರು ಯಾವಾಗಲೂ ಇರುತ್ತಾರೆ. ಅವರನ್ನು ಗುರುತಿಸಿ ಆ ಹುಡುಗಿಯೊಂದಿಗೆ ಯಾವುದಾದರೂ ಕೆಲಸಕ್ಕೆ ಹಾಕಿ: ವಿಜ್ಞಾನದ ಮಾದರಿ, ಗೋಡೆಪತ್ರಿಕೆ, ಪ್ರಾರ್ಥನೆಯ ತಯಾರಿ. ಕೈಯಲ್ಲಿ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ಮಗು ಊಟ, ನಿದ್ದೆ ಬಿಟ್ಟಿದ್ದರೆ ಅಥವಾ ಬದುಕುವುದೇ ಬೇಡ ಎಂಬ ಮಾತಾಡಿದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಮಗುವನ್ನು ಒಂಟಿಯಾಗಿ ಬಿಡಬೇಡಿ.

ಶಾಲೆ ನಮ್ಮ ದೂರಿಗೆ ಕಿವಿಗೊಡುತ್ತಿಲ್ಲ. ಮುಂದೇನು?

ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ. ಮುಖ್ಯಶಿಕ್ಷಕರಿಗೆ ಒಂದು ಪುಟದ ಪತ್ರ ಬರೆದು, ಇನ್ನೊಂದು ಪ್ರತಿಯ ಮೇಲೆ "ಸ್ವೀಕರಿಸಿದೆ" ಎಂದು ಸಹಿ, ಸೀಲು, ದಿನಾಂಕ ಹಾಕಿಸಿಕೊಳ್ಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಪತ್ರದಲ್ಲಿ ಏನಾಯಿತು, ಯಾವಾಗ ಯಾರಿಗೆ ಹೇಳಿದ್ದಿರಿ, ನಿಮಗೆ ಏನು ಬೇಕು ಇಷ್ಟೇ ಇರಲಿ. "ಆ ಹುಡುಗನನ್ನು ಶಾಲೆಯಿಂದ ತೆಗೆಯಿರಿ" ಎಂದು ಕೇಳಿದರೆ ಉತ್ತರ ಬರುವುದಿಲ್ಲ. "ಬಿಡುವಿನ ವೇಳೆ ಯಾರು ನೋಡಿಕೊಳ್ಳುತ್ತಾರೆ ಎಂದು ತಿಳಿಸಿ" ಎಂದರೆ ಉತ್ತರ ಕೊಡಲೇಬೇಕಾಗುತ್ತದೆ. ಗಾಯವಿದ್ದರೆ ಅದೇ ದಿನದ ಫೋಟೊ, ಆಸ್ಪತ್ರೆಯ ಚೀಟಿ ಇಟ್ಟುಕೊಳ್ಳಿ.

ಅಲ್ಲಿಂದ ಮುಂದೆ ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಆಮೇಲೆ ಯಾವ ಶಾಲೆಯಾದರೂ ಕ್ಷೇತ್ರ ಶಿಕ್ಷಣಾಧಿಕಾರಿ, ಅದರ ಮೇಲೆ ಜಿಲ್ಲೆಯ ಉಪನಿರ್ದೇಶಕರು. ಶಿಕ್ಷಕರೇ ಹೊಡೆದಿದ್ದರೆ ಅಥವಾ ಮಗುವಿಗೆ ಅಪಾಯವಿದ್ದರೆ ಈ ಮೆಟ್ಟಿಲುಗಳನ್ನು ಕಾಯಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಮಗುವೇ ನೇರವಾಗಿ ಕರೆ ಮಾಡಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಪೋಷಕರು ದೂರು ಬರೆಯಬಹುದು. ಶಿಕ್ಷಣ ಹಕ್ಕು ಕಾಯ್ದೆ ಪಾಲನೆಯಾಗುತ್ತಿದೆಯೇ ಎಂದು ನೋಡುವ ಅಧಿಕಾರ ಆಯೋಗಕ್ಕಿದೆ.

ನಮ್ಮ ಶಾಲೆಯಲ್ಲಿ ಜಗಳ ಬಹಳ. ಕಡಿಮೆ ಮಾಡಲು ಎಲ್ಲಿಂದ ಶುರು ಮಾಡಬೇಕು?

ಘಟನೆ ಬರೆದಿಟ್ಟ ಆ ಪುಸ್ತಕದಿಂದ. ಮೂರು ತಿಂಗಳ ಪುಟಗಳನ್ನು ತಿರುವಿ, ಶಾಲೆಯ ನಕ್ಷೆಯೊಂದನ್ನು ಬರೆದು ಪ್ರತಿ ಜಗಳಕ್ಕೂ ನಡೆದ ಜಾಗದಲ್ಲಿ ಒಂದು ಚುಕ್ಕೆ ಇಡಿ, ಪಕ್ಕದಲ್ಲಿ ಹೊತ್ತು ಬರೆಯಿರಿ. ಚುಕ್ಕೆಗಳು ಶಾಲೆಯ ತುಂಬ ಹರಡಿರುವುದಿಲ್ಲ. ನಲ್ಲಿಯ ಬಳಿ, ಶೌಚಾಲಯದ ಹಿಂದೆ, ಬಿಸಿಯೂಟದ ಸಾಲಿನಲ್ಲಿ, ಮೆಟ್ಟಿಲ ತಿರುವಿನಲ್ಲಿ, ಒಂದೇ ಚೆಂಡಿಗೆ ಮೂರು ತರಗತಿ ಕಾಯುವ ಮೈದಾನದಲ್ಲಿ ಗುಂಪುಗೂಡಿರುತ್ತವೆ.

ಆಮೇಲಿನ ಕೆಲಸ ಸಣ್ಣದು, ಆದರೆ ಫಲ ದೊಡ್ಡದು. ಊಟದ ಸಾಲನ್ನು ತರಗತಿವಾರು ಐದೈದು ನಿಮಿಷ ಅಂತರದಲ್ಲಿ ಬಿಡಿ. ಕೆಟ್ಟ ನಲ್ಲಿ ರಿಪೇರಿ ಮಾಡಿಸಿ, ಆರು ನಲ್ಲಿಯಲ್ಲಿ ಎರಡೇ ಓಡುತ್ತಿದ್ದರೆ ತಳ್ಳಾಟ ನಿಲ್ಲುವುದಿಲ್ಲ. ಚೆಂಡು ಯಾವ ದಿನ ಯಾವ ತರಗತಿಗೆ ಎಂದು ಗೋಡೆಯಲ್ಲಿ ಬರೆಯಿರಿ. ಬಿಡುವಿನಲ್ಲಿ ಶಿಕ್ಷಕರ ಸರದಿ ಹಾಕಿ, ಅವರು ನಿಲ್ಲುವ ಜಾಗ ಸ್ಟಾಫ್‌ರೂಮಿನ ಬಾಗಿಲಾಗಿರದೆ ಚುಕ್ಕೆಗಳಿರುವ ಕಡೆ ಆಗಿರಲಿ. ದೂರು ಪೆಟ್ಟಿಗೆ ಮುಖ್ಯಶಿಕ್ಷಕರ ಕೋಣೆಯ ಎದುರಿದ್ದರೆ ಯಾವ ಮಗುವೂ ಚೀಟಿ ಹಾಕುವುದಿಲ್ಲ. ಯಾರ ಕಣ್ಣಿಗೂ ಬೀಳದಂತೆ ಹಾಕಬಹುದಾದ ಕಡೆ ಇಡಿ. ವಾರಕ್ಕೊಮ್ಮೆ ತೆರೆದು, ಬಂದ ಚೀಟಿಗಳಲ್ಲಿ ಯಾವುದು ಸರಿಯಾಯಿತು ಎಂದು ಯಾರ ಹೆಸರನ್ನೂ ಎತ್ತದೆ ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿ. ಶಾಲಾ ಸಂಸತ್ತಿನ ಮಂತ್ರಿಗಳಿಗೆ ಜಗಳ ಬಿಡಿಸುವ, ಶಿಕ್ಷೆ ಕೊಡುವ ಅಧಿಕಾರ ಬೇಡ. ಸಾಲು ಸರಿಯಾಗಿ ಸಾಗುತ್ತಿದೆಯೇ ಎಂದು ನೋಡುವುದು, ತಳ್ಳಾಟ ಕಂಡ ಕೂಡಲೇ ಶಿಕ್ಷಕರಿಗೆ ತಿಳಿಸುವುದು ಅವರ ಪಾಲಿಗಿರಲಿ. ಮುಂದಿನ ಮೂರು ತಿಂಗಳು ಕಳೆದ ಮೇಲೆ ಹೊಸ ನಕ್ಷೆ ಬರೆದು ಹಳೆಯದರ ಪಕ್ಕ ಇಟ್ಟು ನೋಡಿ. ಚುಕ್ಕೆ ಕರಗದ ಜಾಗ ಯಾವುದೋ ಅಲ್ಲಿಗೆ ಇನ್ನೊಬ್ಬ ಶಿಕ್ಷಕರನ್ನು ಹಾಕಿ.